ಅಳಿಯನ ಓಟದ ಆಡಿಟ್ಟು

ಓಡುವವರಿಂದ ಯಾರಿಗೂ ತೊಂದರೆಯಿಲ್ಲ. ಓಡಿ ಮನೆಗೆ ಬಂದವರದ್ದೇ ಕಾಟ. ಮದುವೆ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಇಂಥವನೊಬ್ಬ ಕೂತ ಅಂದರೆ ಪಾಯಸ ಬರುವಷ್ಟರಲ್ಲಿ ಅವನ ಮಂಡಿನೋವಿನ ಇತಿಹಾಸ, ಶೂವಿನ ಅಟ್ಟೆಯ ದಪ್ಪ, ನಾಡಿಬಡಿತದ ಏರಿಳಿತ ಎಲ್ಲ ನಿಮಗೆ ಬಾಯಿಪಾಠವಾಗಿರುತ್ತದೆ. ನಮ್ಮ ಮನೆಗೆ ಈ ಕಾಟ ಅಕ್ಕನ ಮಗ ಚೇತುವಿನ ರೂಪದಲ್ಲಿ ಬಂದಿದೆ. ಮೊದಲು ಮ್ಯಾರಥಾನ್ ಮ್ಯಾರಥಾನ್ ಅಂತಿದ್ದ. ಈಗ ಅದು ವಯಸ್ಸಾದವರದ್ದಂತೆ. ಈಗಿನದು ಹೈರಾಕ್ಸ್.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 1 ಕಿಲೋಮೀಟರ್ ಓಡಬೇಕು, ಒಂದು ಕೂಲಿ ಕೆಲಸ ಮಾಡಬೇಕು. ಮತ್ತೆ ಓಡಬೇಕು, ಮತ್ತೊಂದು ಕೂಲಿ. ಹೀಗೆ 8 ಸಲ. ಗಂಡಸರ ಓಪನ್ ವಿಭಾಗದ ಲೆಕ್ಕ ಇದು: ಸ್ಕೀ ಯಂತ್ರದ ಹಗ್ಗ ಜಗ್ಗುತ್ತಾ 1000 ಮೀಟರ್, ಬಂಡಿಯೂ ಸೇರಿ 152 ಕಿಲೋ ತೂಗುವ, ಚಕ್ರವಿಲ್ಲದ ಬಂಡಿಯನ್ನು ಕಾರ್ಪೆಟ್ ಮೇಲೆ 50 ಮೀಟರ್ ತಳ್ಳುವುದು, 103 ಕಿಲೋದ್ದನ್ನು ಹಗ್ಗ ಕಟ್ಟಿ ಅಷ್ಟೇ ದೂರ ಎಳೆಯುವುದು, ಬೋರಲು ಬಿದ್ದು ಎದ್ದು ನೆಗೆಯುತ್ತಾ 80 ಮೀಟರ್, ದೋಣಿ ಯಂತ್ರದಲ್ಲಿ 1000 ಮೀಟರ್, ಕೈಗೊಂದು 24 ಕಿಲೋ ಹಿಡಿದು 200 ಮೀಟರ್ ನಡಿಗೆ, 20 ಕಿಲೋ ಮರಳುಚೀಲ ಹೊತ್ತು ಹೆಜ್ಜೆಹೆಜ್ಜೆಗೂ ಮಂಡಿಯೂರುತ್ತಾ 100 ಮೀಟರ್, ಕೊನೆಗೆ 6 ಕಿಲೋ ಚೆಂಡನ್ನು ಕೂತೆದ್ದು ಗುರಿಗೆ ಎಸೆಯುವುದು, 100 ಸಲ. ಅಕ್ಕ ಇಷ್ಟನ್ನೂ ಕೇಳಿಸಿಕೊಂಡು, "ಯಶವಂತಪುರದ ಯಾರ್ಡಿನಲ್ಲಿ ಇದನ್ನೇ ಮಾಡಿದರೆ ಸಂಜೆಗೆ ದುಡ್ಡು ಕೊಡ್ತಾರೆ, ಇವನು ತಾನೇ ಕೊಟ್ಟು ಮುಂಬಯಿಗೆ ಹೋಗಿ ಮಾಡಿಬಂದ" ಅಂದಳು.

ಈ ಪಂದ್ಯ ಹುಟ್ಟಿದ್ದು 2017ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಹುಟ್ಟಿಸಿದ ಇಬ್ಬರಲ್ಲಿ ಒಬ್ಬ ಮೊರಿಟ್ಸ್ ಫ್ಯೂರ್ಸ್ಟೆ. ಹಾಕಿ ನೋಡುವವರಿಗೆ ಹೆಸರು ನೆನಪಿರಬೇಕು. 2008ರಲ್ಲೂ 2012ರಲ್ಲೂ ಒಲಿಂಪಿಕ್ ಚಿನ್ನ ಗೆದ್ದ ಜರ್ಮನ್ ತಂಡದವನು. 2013ರ ಹಾಕಿ ಇಂಡಿಯಾ ಲೀಗಿನಲ್ಲಿ ನಮ್ಮ ರಾಂಚಿ ತಂಡವನ್ನು ಗೆಲ್ಲಿಸಿ ಹೋದವನು. ಆಗ ಸುಮ್ಮನೆ ಗೆದ್ದು ಹೋದ ಅಂದುಕೊಂಡಿದ್ದೆವು. 2025ರ ಮೇ ತಿಂಗಳಲ್ಲಿ ಅವನ ಪಂದ್ಯ ಮುಂಬಯಿಗೆ ಬಂತು, ನಮ್ಮ ಚೇತುವೂ ಅದರೊಳಗೆ ಸೇರಿಕೊಂಡ.

ನಾನು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತನಾದವನು. ಶಾಖೆಗೆ ಕಾಲಿಟ್ಟರೆ ಮ್ಯಾನೇಜರು ಯಾವ ಪುಟ ತೆಗೆದು ತೋರಿಸುತ್ತಾನೋ ಅದನ್ನು ಬಿಟ್ಟು ಉಳಿದದ್ದನ್ನು ನೋಡುವುದು ನಮ್ಮ ಅಭ್ಯಾಸ. ಚೇತು ಫೋನು ಹಿಡಿದು ಬಂದ, "ಮಾವ, ಸ್ಲೆಡ್ ಪುಷ್, ಅದೇ ಬಂಡಿ ತಳ್ಳೋದು, 3 ನಿಮಿಷ 10 ಸೆಕೆಂಡು! ನನ್ನ ವಯಸ್ಸಿನವರಲ್ಲಿ ಭಾರೀ ಟೈಮಿಂಗು" ಅಂದ. ಆ ಪುಟ ಮುಚ್ಚಿ ಉಳಿದದ್ದನ್ನು ತೆಗೆಸಿದೆ.

ಈ ಪಂದ್ಯದ ದೊಡ್ಡ ಉಪಕಾರ ಅಂದರೆ ಅದರ ಫಲಿತಾಂಶದ ಹಾಳೆ. ಕಾಲಿಗೆ ಕಟ್ಟಿದ ಚಿಪ್ಪು ಯಾರ ಮುಲಾಜೂ ಇಲ್ಲದೆ ಎಲ್ಲವನ್ನೂ ಬೇರೆಬೇರೆ ಬರೆದಿಡುತ್ತದೆ: 8 ಓಟಕ್ಕೆ 8 ಸಮಯ, ಸ್ಟೇಷನ್ ಅನ್ನುವ ಆ 8 ಕೂಲಿಗೆ 8 ಸಮಯ, ಆಮೇಲೆ ಓಟದ ಹಾದಿಗೂ ಸ್ಟೇಷನ್ನಿಗೂ ನಡುವಿನ ಜಾಗದಲ್ಲಿ ಕಳೆದ ಸಮಯ. ಈ ನಡುವಿನ ಜಾಗಕ್ಕೆ ರಾಕ್ಸ್‌ಝೋನ್ ಅಂತ ಹೆಸರು. ಚೇತುವಿನ ಒಟ್ಟು ಸಮಯ 1 ಗಂಟೆ 43 ನಿಮಿಷ 2 ಸೆಕೆಂಡು. ಅದರಲ್ಲಿ ಓಟ 52:40, ಸ್ಟೇಷನ್ನುಗಳು 41:10. ಉಳಿದ 9 ನಿಮಿಷ 12 ಸೆಕೆಂಡು ರಾಕ್ಸ್‌ಝೋನು.

"ಈ 9 ನಿಮಿಷ ಏನು ಮಾಡ್ತಿದ್ದೆ?"

"ಅದು ಲೆಕ್ಕಕ್ಕಿಲ್ಲ ಮಾವ, ಸುಮ್ಮನೆ ಹೋಗಿಬರೋದು."

'ಇತರೆ ಖರ್ಚು' ಅನ್ನುವ ತಲೆಬರಹದಡಿ ಎಂತೆಂಥ ಆನೆಗಳು ಮಲಗಿರುತ್ತವೆ ಅಂತ ಬಲ್ಲ ನಾನು ಅಷ್ಟಕ್ಕೆ ಬಿಡುತ್ತೇನೆಯೇ? ಒಳಗೆ ಹೋಗುವುದು 8 ಸಲ, ಹೊರಗೆ ಬರುವುದು 7 ಸಲ, ಒಟ್ಟು 15. ಸಲಕ್ಕೆ ಸರಾಸರಿ 37 ಸೆಕೆಂಡು. ವಿಚಾರಣೆಯಲ್ಲಿ ಹೊರಬಿದ್ದದ್ದು: ಪ್ರತಿ ಸಲವೂ ನೀರು ಕುಡಿದಿದ್ದಾನೆ, ಎರಡು ಸಲ ಶೂ ಲೇಸು ಬಿಗಿ ಮಾಡಿದ್ದಾನೆ, ಒಮ್ಮೆ ಸ್ಟೇಷನ್ ಯಾವ ಕಡೆ ಅಂತ ಹುಡುಕಿದ್ದಾನೆ, ಫೋಟೋದವರು ಕಂಡಲ್ಲೆಲ್ಲ ನಡಿಗೆ ನಿಧಾನ ಮಾಡಿ ಎದೆ ಮುಂದೆ ಮಾಡಿದ್ದಾನೆ. ಫೋಟೋಗಳು ಚೆನ್ನಾಗಿ ಬಂದಿವೆ, ಅದನ್ನು ಒಪ್ಪಬೇಕು.

ಅದೇ ಪಂದ್ಯದಲ್ಲಿ ಅವನ ಆಫೀಸಿನ ಹುಡುಗಿಯೊಬ್ಬಳು 1 ಗಂಟೆ 36 ನಿಮಿಷದಲ್ಲಿ ಮುಗಿಸಿದ್ದಳು. ಚೇತು ಈ ವಿಷಯ ತಾನಾಗಿ ಹೇಳಲಿಲ್ಲ. ಫೋನಿನಲ್ಲಿ ಬೆರಳಾಡಿಸುವಾಗ ನನ್ನ ಕಣ್ಣಿಗೆ ಬಿತ್ತು. "ಅವರಿಗೆ ತೂಕ ಕಮ್ಮಿ ಮಾವ, ತಳ್ಳೋದು 102 ಕಿಲೋ ಅಷ್ಟೇ" ಅಂದ. ಸರಿ. ಆದರೆ ಕಿಲೋಮೀಟರು ಇಬ್ಬರಿಗೂ ಒಂದೇ ತಾನೇ? ಅವಳ 8 ಓಟವೂ 6:05ರಿಂದ 6:25ರ ಒಳಗೆ. ರಾಕ್ಸ್‌ಝೋನು 6:20. ಇವನದ್ದು ಮೊದಲ ಕಿಲೋಮೀಟರು 5:10, ಎರಡನೆಯದು 5:55, ಬಂಡಿ ತಳ್ಳಿದ ಮೇಲಿನದು 6:40. ಅಲ್ಲಿಂದ ಏಳರ ಆಸುಪಾಸಿನಲ್ಲೇ ತೆವಳಿ, ಮರಳುಚೀಲ ಇಳಿಸಿದ ಮೇಲಿನ ಕೊನೆಯದು 7:35.

ಯಾಕೆ ಮೊದಲನೆಯದು ಅಷ್ಟು ಜೋರು ಅಂದರೆ, "ಎಲ್ಲರೂ ಹೊರಟರು, ಹಾಡು ಹಾಕಿದ್ದರು, ಕಾಲು ಹಗುರವಾಗಿತ್ತು" ಅಂದ. ಮೊದಲ ಕಿಲೋಮೀಟರಿನಲ್ಲಿ ಯಾರ ಕಾಲು ತಾನೇ ಭಾರವಿರುತ್ತದೆ? ತನ್ನ ಸರಾಸರಿಗಿಂತ 85 ಸೆಕೆಂಡು ಜೋರಾಗಿ ಓಡಿ, ಆ ಸಾಲವನ್ನು ಮಿಕ್ಕ ಏಳರಲ್ಲಿ ಬಡ್ಡಿ ಸಮೇತ ಕಟ್ಟಿದ್ದಾನೆ. ತೊಡೆಯ ಸ್ನಾಯು ಬಂಡಿ ತಳ್ಳುವುದಕ್ಕೂ ಅದೇ, ಮಂಡಿಯೂರುವುದಕ್ಕೂ ಅದೇ, ಓಡುವುದಕ್ಕೂ ಅದೇ. ದಣಿದ ತೊಡೆಯಲ್ಲಿ ಓಡುವುದೇ ಈ ಪಂದ್ಯದ ನಿಜವಾದ ವಿದ್ಯೆ. ಅದನ್ನು ಇವನು ಒಂದು ದಿನವೂ ಅಭ್ಯಾಸ ಮಾಡಿಲ್ಲ. ಓಟದ ದಿನ ಬರೀ ಓಟ, ಜಿಮ್ಮಿನ ದಿನ ಬರೀ ಜಿಮ್ಮು. ಪಂದ್ಯದ ದಿನ ಎರಡೂ ಒಟ್ಟಿಗೆ ಬಂದಾಗ ಕಾಲಿಗೆ ಗಾಬರಿ.

ಇನ್ನು ಅವನ ಗಡಿಯಾರ. ಮನೆಯ ಫ್ರಿಜ್ಜಿಗಿಂತ ಬೆಲೆಯದ್ದು. ಕೈಗೊಂದು 24 ಕಿಲೋ ಹಿಡಿದು ನಡೆಯುವಾಗ ಅದರ ಪ್ರಕಾರ ನಾಡಿಬಡಿತ 112. ಅಷ್ಟು ನೆಮ್ಮದಿ ಅವನಿಗೆ ಸೋಫಾ ಮೇಲೆ ಕೂತು ಕ್ರಿಕೆಟ್ ನೋಡುವಾಗಲೂ ಇರುವುದಿಲ್ಲ. ಮಣಿಕಟ್ಟಿನ ಗಡಿಯಾರ ಚರ್ಮದೊಳಕ್ಕೆ ಬೆಳಕು ಹಾಯಿಸಿ ರಕ್ತದ ಹರಿವು ನೋಡುತ್ತದೆ. ಮುಷ್ಟಿ ಬಿಗಿದರೆ ಅಲ್ಲಿನ ಸ್ನಾಯುಗಳೆಲ್ಲ ಬಿಗಿದುಕೊಂಡು ಅದಕ್ಕೆ ಲೆಕ್ಕ ತಪ್ಪುತ್ತದೆ. ಎದೆಗೆ ಕಟ್ಟುವ ಪಟ್ಟಿಯಾದರೆ ವಾಸಿ. ಆ 112ನ್ನು ನಂಬಿ ಇವನು "ಫಾರ್ಮರ್ಸ್ ಕ್ಯಾರಿಯಲ್ಲಿ ನಾನು ವಿಶ್ರಾಂತಿ ತಗೊಂಡೆ" ಅಂತ ಗೆಳೆಯರಿಗೆ ಹೇಳಿಕೊಂಡು ತಿರುಗುತ್ತಿದ್ದ.

ಇಷ್ಟಾದ ಮೇಲೆ ತಾನೇ ಒಂದು ಯೋಜನೆ ಮುಂದಿಟ್ಟ: ಬಾಲ್ಕನಿಗೆ ದೋಣಿ ಯಂತ್ರ ತರಿಸುವುದು. 1000 ಮೀಟರಿಗೆ 5:05 ಆಗಿದೆ, ಅದನ್ನು 4:50 ಮಾಡುತ್ತಾನಂತೆ. ಅಕ್ಕ ನನ್ನ ಮುಖ ನೋಡಿದಳು. ಯಂತ್ರ 8 ಅಡಿ ಉದ್ದ. ಬಾಲ್ಕನಿಯಲ್ಲಿ ತುಳಸಿಗಿಡವೂ ಬಟ್ಟೆ ಒಣಹಾಕುವ ಸ್ಟ್ಯಾಂಡೂ ಇವೆ. ಕಾಗದ ಪೆನ್ನು ತರಿಸಿದೆ. ಆ ಯಂತ್ರದೊಳಗೆ ಗಾಳಿ ಕಡೆಯುವ ಫ್ಯಾನು ಇರುತ್ತದೆ. ವೇಗ ಹೆಚ್ಚಿದಷ್ಟೂ ಗಾಳಿ ಎದುರು ನಿಲ್ಲುತ್ತದೆ, ಹಾಕಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. 5:05ನ್ನು 4:50 ಮಾಡಲು ವೇಗ ಶೇಕಡ 5 ಏರಿದರೆ ಸಾಕು, ಆದರೆ ಶಕ್ತಿ ಶೇಕಡ 16 ಹೆಚ್ಚು ಬೇಕು. ತಿಂಗಳುಗಟ್ಟಲೆ ಬೆವರಿಳಿಸಿ, ಬಾಲ್ಕನಿ ಕಳೆದುಕೊಂಡು, ಪಂದ್ಯದ ನಟ್ಟನಡುವೆ ಅಷ್ಟು ಜಾಸ್ತಿ ಜಗ್ಗಿದರೆ ಸಿಗುವುದು 15 ಸೆಕೆಂಡು. ಅತ್ತ ನೀರಿನ ಲೋಟದ ಹತ್ತಿರ ಮೂರು ನಿಮಿಷ ಪುಕ್ಕಟೆ ಬಿದ್ದಿದೆ.

ಪುಕ್ಕಟೆ ಸಿಗುವುದು ಅವನಿಗೆ ರುಚಿಸಲಿಲ್ಲ. ಈಗಿನ ಹುಡುಗರಿಗೆ ನೋವಿಲ್ಲದ ಲಾಭ ಲಾಭವೇ ಅಲ್ಲ.

ಕೊನೆಯದಾಗಿ ವಾಲ್ ಬಾಲ್, ಅಂದರೆ ಆ ಚೆಂಡೆಸೆತ. 8 ನಿಮಿಷ 25 ಸೆಕೆಂಡು. "ಕಾಲಲ್ಲಿ ಶಕ್ತಿ ಇಲ್ಲ ಮಾವ, ಸ್ಕ್ವಾಟ್ ಜಾಸ್ತಿ ಮಾಡಬೇಕು" ಅಂದ. ಗೆಳೆಯ ತೆಗೆದ ವಿಡಿಯೋ ಇತ್ತು. ಅರ್ಧ ಹೊತ್ತು ಸಭಾಂಗಣದ ಸೂರು, ಮಿಕ್ಕರ್ಧ ಚೇತು. ಮೊದಲ 10 ಎಸೆತಕ್ಕೆ 22 ಸೆಕೆಂಡು. ಕೂರುವಾಗ ಸೊಂಟ ಮಂಡಿಗಿಂತ ಕೆಳಗಿಳಿಯುತ್ತಿತ್ತು, ಚೆಂಡು 3 ಮೀಟರ್ ಎತ್ತರದ ಗುರಿಗೆ ನೇರ ತಾಗುತ್ತಿತ್ತು, ನೋಡಲು ಲಕ್ಷಣವಾಗಿತ್ತು. ಹಾಗೆ 30 ಎಸೆದ. ಆಮೇಲೆ 12. ಆಮೇಲೆ 7. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಗೋಡೆಯನ್ನೇ ದಿಟ್ಟಿಸುತ್ತಾ ನಿಂತ. ಚೆಂಡು ಪಕ್ಕಕ್ಕೆ ಉರುಳಿತು, ಅದನ್ನೂ ದಿಟ್ಟಿಸಿದ. 100 ಎಸೆತಕ್ಕೆ ನಿಜವಾಗಿ ಬೇಕಾದದ್ದು 220 ಸೆಕೆಂಡು. ತೀರ್ಪುಗಾರರು ನೋ-ರೆಪ್, ಅಂದರೆ ಲೆಕ್ಕಕ್ಕಿಲ್ಲ, ಅಂದ ಏಳೆಂಟಕ್ಕೆ ಕಾಲು ನಿಮಿಷ ಬಿಟ್ಟರೂ ನಾಲ್ಕೂವರೆ ನಿಮಿಷ ಅಲ್ಲಿ ನಡೆದದ್ದು ಬರೀ ಧ್ಯಾನ.

ಸೋಲುವವರೆಗೆ ಎಸೆದು ಆಮೇಲೆ ಸುಧಾರಿಸಿಕೊಳ್ಳುವುದಲ್ಲ, ಸೋಲುವ ಮೊದಲೇ ನಿಲ್ಲಬೇಕು ಅಂತ ಹೇಳಿದೆ. ಹತ್ತು ಎಸೆ, ಚೆಂಡು ಕೈಬಿಡದೆ ಐದು ಉಸಿರು ತಗೋ, ಮತ್ತೆ ಹತ್ತು. ಐದು ಉಸಿರಿಗೆ 12 ಸೆಕೆಂಡು ಅಂದರೂ ಐದೂವರೆ ನಿಮಿಷಕ್ಕೆ ಮುಗಿಯುತ್ತದೆ. "ದಣಿದಾಗ ಹಾಗೆಲ್ಲ ಆಗಲ್ಲ ಮಾವ" ಅಂದ. ಆಗದಿದ್ದರೆ ಲಾಭದಲ್ಲಿ ಅರ್ಧ ಹಿಡಿ, ಒಂದೂವರೆ ನಿಮಿಷ. ಆದರೂ ನಿನ್ನ ಬಾಲ್ಕನಿ ಯಂತ್ರದ ಆರು ಪಟ್ಟು ಅಂದೆ.

ಅವನ ಕಡೆಯ ಅಸ್ತ್ರ, ಡೆಲ್ಲಿಯ ಪಂದ್ಯಕ್ಕೆ ಹೋದ ಗೆಳೆಯ ತನಗಿಂತ ಜೋರಾಗಿ ಬಂಡಿ ಎಳೆದದ್ದು. ಊರಿಂದೂರಿಗೆ ಕಾರ್ಪೆಟ್ಟಿನ ಹಿಡಿತ ಬೇರೆ, ಸುತ್ತಿನ ಉದ್ದ ಬೇರೆ, ರಾಕ್ಸ್‌ಝೋನಿನ ನಡಿಗೆ ಬೇರೆ. ಹೋಲಿಸುವುದಾದರೆ ಅದೇ ದಿನ, ಅದೇ ಸಭಾಂಗಣದಲ್ಲಿ, ಪಟ್ಟಿಯಲ್ಲಿ ನಿನ್ನ ಹೆಸರಿನ ಮೇಲೆ ಕೆಳಗೆ ಇರುವ ಹತ್ತು ಜನರೊಂದಿಗೆ ಹೋಲಿಸು ಅಂದೆ. ಹೋಲಿಸಿದ. ಬಂಡಿ ತಳ್ಳುವುದರಲ್ಲಿ ಎಲ್ಲರಿಗಿಂತ ಮುಂದೆ. ಕೊನೆಯ ಓಟದಲ್ಲೂ ವಾಲ್ ಬಾಲಿನಲ್ಲೂ ಎಲ್ಲರಿಗಿಂತ ಹಿಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಕ್ಕ ಅದೇ ಸಮಯ ಅಂತ ಕೋಡುಬಳೆ ತಟ್ಟೆ ಮುಂದಿಟ್ಟಳು.

ಈಗ ವಾರಕ್ಕೆ ಮೂರು ದಿನ ಮಾತಾಡಿಕೊಂಡು ಓಡಬಹುದಾದ ವೇಗದಲ್ಲಿ ಓಡುತ್ತಿದ್ದಾನೆ, ಒಂದು ದಿನ ಮರಳುಚೀಲ ಇಳಿಸಿದ ಕೂಡಲೇ 1 ಕಿಲೋಮೀಟರು. ಬಂಡಿ ತಳ್ಳುವುದನ್ನು ಹದಿನೈದು ದಿನಕ್ಕೊಮ್ಮೆ ಮಾತ್ರ, ಅದೂ ಮನಸ್ಸಿನ ಸಮಾಧಾನಕ್ಕೆ. ಮುಂದಿನ ಪಂದ್ಯಕ್ಕೆ ನನ್ನನ್ನೂ ಜೋಡಿ ವಿಭಾಗಕ್ಕೆ ಸೇರಿಸುತ್ತಾನಂತೆ. ಜೋಡಿಯಲ್ಲಿ ಸ್ಟೇಷನ್ ಕೆಲಸವನ್ನು ಹೇಗೆ ಬೇಕಾದರೂ ಹಂಚಿಕೊಳ್ಳಬಹುದಂತೆ, ಎಲ್ಲ ತಾನೇ ಮಾಡುತ್ತಾನಂತೆ. "ಆದರೆ 8 ಕಿಲೋಮೀಟರ್ ಮಾತ್ರ ಇಬ್ಬರೂ ಜೊತೆಗೇ ಓಡಬೇಕು ಮಾವ" ಅಂತ ಹಲ್ಲು ಕಿರಿದ.

ನಾನು ಉತ್ತರ ಹುಡುಕುವಷ್ಟರಲ್ಲಿ ಅಡುಗೆಮನೆಯಿಂದ ನನ್ನವಳ ದನಿ ಬಂತು: "ಅವರನ್ನು ಆ ನಡುವಿನ ಜಾಗದಲ್ಲಿ ನಿಲ್ಲಿಸಿಬಿಡೋ. ಬ್ಯಾಂಕಿನಲ್ಲಿ ಇದ್ದಷ್ಟು ದಿನವೂ ಅಲ್ಲೇ ಇದ್ದದ್ದು."