ಶಿಶಿರ ಟ್ರೌಟ್ ಮೀಮಾಂಸೆ

ಯಾವ ಶಾಸ್ತ್ರಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಕೃತ ಶಾಸ್ತ್ರದ ವಿಷಯ: ಅಮೆರಿಕದ ಟೆನೆಸೀ ಮತ್ತು ನಾರ್ತ್ ಕ್ಯಾರೊಲೈನಾ ರಾಜ್ಯಗಳ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಪರ್ವತಗಳ ತೊರೆಗಳಲ್ಲಿ, ಕೊರೆಯುವ ಜನವರಿಯಲ್ಲಿ, ಹುಸಿನೊಣ ಬೀಸಿ ಟ್ರೌಟ್ ಮೀನು ಹಿಡಿಯುವುದು. ಪ್ರಯೋಜನ: ಇಲ್ಲ. ಸಂಬಂಧ: ಹಿಡಿಯುವವನಿಗೂ ಮೀನಿಗೂ ಬಹುಮಟ್ಟಿಗೆ ಏರ್ಪಡುವುದಿಲ್ಲ. ಅಧಿಕಾರಿ: ಸರ್ಕಾರದ ಪರವಾನಗಿ, ಎದೆಮಟ್ಟದವರೆಗೆ ನೀರು ನುಗ್ಗದ ಉಡುಪು, ಮನೆಯಲ್ಲಿ ತಡೆಯುವವರಿಲ್ಲದ ಭಾಗ್ಯ, ಈ ಮೂರನ್ನೂ ಪಡೆದವನು.

ಈಗ ಸಂಶಯ. ಚಳಿಗಾಲದ ತೊರೆಯಲ್ಲಿ ಗಾಳಕ್ಕೆ ಬೀಳುವವರು ಯಾರು, ಮೀನೋ ಮನುಷ್ಯನೋ? ಮೀನೇ ಎಂಬುದು ಪೂರ್ವಪಕ್ಷ. ವಿಚಾರಿಸೋಣ.

ಪೂರ್ವಾಚಾರ್ಯ ಪ್ರಕರಣ

ಗಾಳದ ವಿದ್ಯೆಯ ಬಗ್ಗೆ ಇಂಗ್ಲಿಷಿನ ಆದಿಗ್ರಂಥ ಅಚ್ಚಾದದ್ದು 1496ರಲ್ಲಿ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಅದನ್ನು ಬರೆದಳೆಂದು ಪ್ರತೀತಿ. ಅಂಥವಳೊಬ್ಬಳು ಇದ್ದಳೇ ಎಂಬುದರಲ್ಲೇ ವಿದ್ವಾಂಸರಿಗೆ ಅನುಮಾನವಿದೆ. ಇದರಿಂದ ಗ್ರಂಥದ ತೂಕ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಬರೆದವರೇ ಇಲ್ಲವೆಂದರೆ ಅದು ಅಪೌರುಷೇಯ. ಅದರಲ್ಲಿ 12 ಹುಸಿನೊಣಗಳ ವಿಧಿಯಿದೆ. ಮಾರ್ಚಿಗೆ ಶುರುವಾಗಿ ಆಗಸ್ಟಿಗೆ ಮುಗಿಯುತ್ತದೆ. ಚಳಿಗಾಲದ ಮಾತಿಲ್ಲ. ಈ ಮೌನವನ್ನು ‘ಮನೆಯಲ್ಲಿ ಬೆಚ್ಚಗಿರು’ ಎಂಬ ವಿಧಿವಾಕ್ಯವೆಂದು ಅರ್ಥೈಸಿದ್ದರೆ ಈ ಶಾಸ್ತ್ರ ಇಲ್ಲಿಗೇ ಮುಗಿಯುತ್ತಿತ್ತು.

ಮುಗಿಯಗೊಡದವನು ಚಾರ್ಲ್ಸ್ ಕಾಟನ್. ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥಕ್ಕೆ 1676ರಲ್ಲಿ ತನ್ನದೊಂದು ಭಾಗ ಸೇರಿಸುವಾಗ ಅವನು ಜನವರಿಯಿಂದಲೇ ತಿಂಗಳವಾರು ನೊಣಗಳನ್ನು ವಿಧಿಸಿಬಿಟ್ಟ. ಜನವರಿಗೆ ಅವನು ಹೇಳಿದ ಒಂದು ನುಸಿ ಎಷ್ಟು ಚಿಕ್ಕದೆಂದರೆ, ಅದನ್ನು ಒಂಟಿ ಕುದುರೆಕೂದಲಿನ ತುದಿಗೇ ಕಟ್ಟಬೇಕು. ಆಮೇಲಿನ ಸಂಶೋಧನೆಯಿಂದ ಕುದುರೆಕೂದಲು ಹೋಗಿ ನೈಲಾನ್ ಬಂದಿದೆ. ನುಸಿ ಅಲ್ಲೇ ಇದೆ.

ಮುಹೂರ್ತ ಪ್ರಕರಣ

ಸ್ಮೋಕಿ ರಾಷ್ಟ್ರೀಯ ಉದ್ಯಾನದಲ್ಲಿ ವರ್ಷವಿಡೀ ಗಾಳ ಹಾಕಬಹುದು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ಅನಂತರದವರೆಗೆ. ಆದರೆ ಕಾನೂನು ಒಪ್ಪಿದ್ದನ್ನೆಲ್ಲ ಟ್ರೌಟ್ ಒಪ್ಪಬೇಕಾಗಿಲ್ಲ. ಅದು ಶೀತರಕ್ತದ ಪ್ರಾಣಿ. ನೀರು 40 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಸುಮಾರು ನಾಲ್ಕೂವರೆ ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದರೆ ಮೈಯೂ ಅಷ್ಟೇ ತಣ್ಣಗಾಗುತ್ತದೆ, ತಿಂದದ್ದು ಬೇಗ ಅರಗುವುದಿಲ್ಲ, ಹಸಿವೂ ಬೇಗ ಹುಟ್ಟುವುದಿಲ್ಲ. ಮೀನು ಮಡುವಿನ ತಳಕ್ಕೆ ಹೋಗಿ ಸುಮ್ಮನಿರುತ್ತದೆ. ಹಗಲು 11ರಿಂದ 3ರೊಳಗೆ ಬಿಸಿಲು ಬಿದ್ದು ನೀರು ತುಸು ಕಾದರೆ ಬಾಯಿ ತೆರೆದೀತು. ಹೀಗಾಗಿ ಬ್ರಾಹ್ಮೀ ಮುಹೂರ್ತವನ್ನು ಕೊಂಡಾಡದ ಏಕೈಕ ತಪಸ್ಸು ಇದು. ತಿಂಡಿ ಮುಗಿಸಿ ಹೊರಟು ಸಂಜೆಯ ಕಾಫಿಯೊಳಗೆ ಮರಳಬಹುದು.

ಕ್ಷೇತ್ರದ ವಿಚಾರದಲ್ಲೂ ಹೀಗೆಯೇ. ಮೇಲಿನ ಹಳ್ಳಗಳು ಇನ್ನೂ ತಣ್ಣಗಿರುವುದರಿಂದ ಚಳಿಗಾಲದಲ್ಲಿ ತಗ್ಗಿನ ಹೊಳೆಗಳೇ ಪ್ರಶಸ್ತ. ಶಾಸ್ತ್ರ ನಂಬದೆ ಬೆಟ್ಟ ಹತ್ತುವವರಿಗಾಗಿ ಹಿಮ ಬಿದ್ದಾಗ ನ್ಯೂಫೌಂಡ್ ಗ್ಯಾಪ್ ರಸ್ತೆಯನ್ನೇ ಮುಚ್ಚುತ್ತಾರೆ. ಜಾರದಿರಲೆಂದು ಬೂಟಿನಡಿ ಫೆಲ್ಟ್ ಹಾಕಿದವನಿಗೆ ಹಿಮ ಮೆತ್ತಿ ಮೆತ್ತಿ, ದಡದಲ್ಲಿ ನಡೆದಷ್ಟೂ ಎತ್ತರ ಹೆಚ್ಚುತ್ತದೆ. ಗಾಳದ ಕೋಲಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟಿ ದಾರ ನಿಂತುಹೋಗುತ್ತದೆ. ಇದಕ್ಕೆ ಪರಿಹಾರ ತುಟಿಗೆ ಹಚ್ಚುವ ಮುಲಾಮು. ಅದನ್ನು ಉಂಗುರಕ್ಕೆ ಸವರುವುದು. ತುಟಿ ಒಡೆದುಕೊಳ್ಳಲಿ, ಅದು ಗೌಣ.

ಸಂಖ್ಯಾ ಪ್ರಕರಣ

22ನೇ ನಂಬರಿನ ಕೊಕ್ಕೆ 12ನೆಯದಕ್ಕಿಂತ ಚಿಕ್ಕದು. ತುದಿದಾರದ ಲೆಕ್ಕ ಇನ್ನೂ ಗಹನ: ಅದರ ಎಕ್ಸ್ ಸಂಖ್ಯೆಯನ್ನು 11ರಿಂದ ಕಳೆದರೆ ಉಳಿದದ್ದು ಇಂಚಿನ ಸಾವಿರದ ಭಾಗಗಳಲ್ಲಿ ದಾರದ ದಪ್ಪ. 5ಎಕ್ಸ್ ಆದರೆ ಆರು ಭಾಗ, 7ಎಕ್ಸ್ ಆದರೆ ನಾಲ್ಕು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು. ಹೆಸರಿನ ಹಿಂದೆ ಮುಂದೆ ಬಿರುದು ಹೆಚ್ಚಿದಂತೆ ವಿದ್ವತ್ತು ಇಳಿಯುವ ಹಾಗೆ, ಇಲ್ಲಿ ಸಂಖ್ಯೆ ಏರಿದಂತೆ ವಸ್ತು ಸವೆಯುತ್ತದೆ. ಮರಗಟ್ಟಿದ ಬೆರಳುಗಳಲ್ಲಿ 7ಎಕ್ಸ್ ದಾರವನ್ನು 22ರ ಕಣ್ಣಿಗೆ ಪೋಣಿಸುವುದೇ ಏಕಾಗ್ರತೆಯ ಪರಮಾವಧಿ. ಆದ್ದರಿಂದ ಈ ಶಾಸ್ತ್ರದಲ್ಲಿ ಧ್ಯಾನಕ್ಕೆ ಬೇರೆ ಅಧ್ಯಾಯವಿಲ್ಲ.

ದ್ರವ್ಯ ಪ್ರಕರಣ

ತೊರೆಗೆ ಹೋಗಲಾಗದ ಸಂಜೆಗಳಲ್ಲಿ ಸಾಧಕನು ಕೊಕ್ಕೆಯನ್ನು ಪುಟ್ಟ ವೈಸಿಗೆ ಕಚ್ಚಿಸಿ ನೊಣ ಕಟ್ಟುತ್ತಾನೆ. ದ್ರವ್ಯಗಳು: ಮೊಲದ ಮುಖದ ತುಪ್ಪಟ, ಹುಂಜದ ಕತ್ತಿನ ಗರಿ, ನವಿಲುಗರಿಯ ಎಳೆ, ಬಾತುಕೋಳಿಯ ಬಾಲದ ಬುಡದ ಎಣ್ಣೆಗ್ರಂಥಿಯ ಸುತ್ತಲಿನ ಪುಕ್ಕ. ಟಪ್ಸ್ ಇಂಡಿಸ್ಪೆನ್ಸಬಲ್ ಎಂಬ ಇಂಗ್ಲಿಷ್ ನೊಣದ ಮೂಲವಿಧಿಗೆ ಟಗರಿನ ಉಣ್ಣೆ ಬೇಕು. ಟಗರಿನ ಯಾವ ಭಾಗದ್ದೆಂಬುದನ್ನು ಗುರುಮುಖೇನ ತಿಳಿಯತಕ್ಕದ್ದು. ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಮಾತ್ರ ಮಿತವ್ಯಯಿ. ಫೆಸೆಂಟ್ ಹಕ್ಕಿಯ ಬಾಲದ ಎಳೆ, ತಾಮ್ರದ ತಂತಿ, ಇವೆರಡರಲ್ಲೇ ನೊಣದ ಮರಿಯನ್ನು ಕಟ್ಟಿದ. ಕಾಲುಗಳನ್ನೇ ಇಡಲಿಲ್ಲ, ಈಜುವ ಮರಿ ಕಾಲನ್ನು ಮೈಗೆ ಒತ್ತಿಕೊಂಡಿರುತ್ತದೆಂದು ವಾದಿಸಿದ. ಟ್ರೌಟ್ ಒಪ್ಪಿತು.

ನಮ್ಮ ಪಶ್ಚಿಮಘಟ್ಟವೂ ಈ ಶಾಸ್ತ್ರಕ್ಕೆ ಕಾಣಿಕೆ ಕೊಟ್ಟಿದೆ. ಇಲ್ಲಿಯ ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿಯಲ್ಲಿ ಅರಗು ಹಚ್ಚಿದಂಥ ಹೊಳೆಯುವ ಚುಕ್ಕೆಗಳಿವೆ. ಅವನ್ನು ಹುಸಿನೊಣಕ್ಕೆ ಕಣ್ಣಾಗಿ ಇಡುತ್ತಾರೆ. ಆ ಗರಿಯ ರಫ್ತನ್ನು ಭಾರತ ನಿಷೇಧಿಸಿದ ಮೇಲೆ ಇಂಗ್ಲೆಂಡಿನಲ್ಲಿ ಕಾಡುಕೋಳಿಯನ್ನು ಸಾಕತೊಡಗಿದರು. ಕಾಡನ್ನೇ ಕಾಣದ ಕಾಡುಕೋಳಿಯ ಕಣ್ಣಿನಿಂದ, ನೊಣವಲ್ಲದ ನೊಣವು, ಬಾರದ ಮೀನನ್ನು ನೋಡುತ್ತದೆ. ಮಾಯಾವಾದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಗರಿಯ ಮೋಹ ಎಲ್ಲಿಗೆ ಮುಟ್ಟೀತೆಂಬುದಕ್ಕೆ ಲೌಕಿಕ ಪ್ರಮಾಣವೂ ಉಂಟು. 2009ರಲ್ಲಿ ಕೊಳಲು ಕಲಿಯುತ್ತಿದ್ದ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನ ಟ್ರಿಂಗ್ ಊರಿನ ವಸ್ತುಸಂಗ್ರಹಾಲಯಕ್ಕೆ ಕನ್ನ ಹಾಕಿ 299 ಹಕ್ಕಿಚರ್ಮ ಕದ್ದ. ಸಾಲ್ಮನ್ ಮೀನಿನ ಹುಸಿನೊಣ ಕಟ್ಟುವವರ ಗೀಳಿಗಾಗಿ. ಆ ನೊಣಗಳಲ್ಲಿ ಬಹಳಷ್ಟು ನೀರನ್ನೇ ಕಾಣುವುದಿಲ್ಲ, ಗಾಜಿನ ಚೌಕಟ್ಟಿನಲ್ಲಿ ಇರುತ್ತವೆ.

ಸಿದ್ಧಾಂತ

ಸ್ಮೋಕಿ ತೊರೆಗಳಲ್ಲಿ ಟ್ರೌಟ್ ಮೂರು ಮತದವು. ರೇನ್‌ಬೋ ಅಮೆರಿಕದ ಪಶ್ಚಿಮದಿಂದ, ಬ್ರೌನ್ ಯುರೋಪಿನಿಂದ ತಂದುಬಿಟ್ಟವು. ಬ್ರೂಕ್ ಒಂದೇ ಮೂಲನಿವಾಸಿ, ಆದರೆ ಜೀವಶಾಸ್ತ್ರದ ಪ್ರಕಾರ ಅದು ಟ್ರೌಟೇ ಅಲ್ಲ, ಚಾರ್ ಎಂಬ ಬೇರೆ ಮೀನು. ಈ ಭೇದವೆಲ್ಲ ಬೇಸಿಗೆಗೆ. ಚಳಿಯಲ್ಲಿ ಮೈ ಅಲುಗಿಸಬಾರದೆಂಬುದರಲ್ಲಿ ಮೂರೂ ಒಂದೇ. ತುತ್ತು ಮೂಗಿನ ಮುಂದೆಯೇ ಬರಬೇಕು. ಅದಕ್ಕಾಗಿ ಮನುಷ್ಯನು ಸೀಸದ ಗುಂಡು ಸೇರಿಸಿ, ಬೆಂಡು ಕಟ್ಟಿ, ನೊಣದ ಮರಿಯನ್ನು ತಳದಲ್ಲಿ ಪ್ರವಾಹದ ವೇಗಕ್ಕೆ ಸರಿಯಾಗಿ ಹರಿಯಬಿಡಬೇಕು. ದಾರ ಕೊಂಚ ಎಳೆದರೂ ಮೀನು ತಿರಸ್ಕರಿಸುತ್ತದೆ. ದಿನಕ್ಕೆ ಐದಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು, ಒಂದೊಂದೂ ಏಳು ಇಂಚಾದರೂ ಇರಬೇಕು ಎಂದು ಉದ್ಯಾನದ ನಿಯಮ. ಜನವರಿಯಲ್ಲಿ ಈ ನಿಯಮದಿಂದ ಯಾರ ಹಕ್ಕಿಗೂ ಚ್ಯುತಿಯಿಲ್ಲ.

ಆದರೂ ಒಮ್ಮೊಮ್ಮೆ ಕೊಕ್ಕೆ ಮೀನಿನ ಬಾಯಲ್ಲೇ ಇರುತ್ತದಲ್ಲ ಎಂದು ಪೂರ್ವಪಕ್ಷಿ ಆಕ್ಷೇಪಿಸಬಹುದು. ಉತ್ತರ: ಸಿಕ್ಕಿದ ಮೀನನ್ನು ಬಹುಪಾಲು ಮಂದಿ ಮತ್ತೆ ನೀರಿಗೇ ಬಿಡುತ್ತಾರೆ. ಅದು ಮುಕ್ತ. ಬಿಟ್ಟವನು ರಾತ್ರಿ ಮತ್ತೆ ವೈಸಿನ ಮುಂದೆ ಕೂರುತ್ತಾನೆ. ಅವನನ್ನು ಬಿಡುವವರಿಲ್ಲ. ಆದ್ದರಿಂದ ಬದ್ಧನು ಮನುಷ್ಯನೇ ಎಂದು ಸಿದ್ಧವಾಯಿತು. ಫೆಬ್ರವರಿ ಕೊನೆಗೋ ಮಾರ್ಚಿಗೋ ನೀರು ಕೆಲವು ದಿನ 50 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ, ಕ್ವಿಲ್ ಗಾರ್ಡನ್ ಎಂಬ ಮೇಫ್ಲೈ ಎದ್ದಾಗ ಪೂರ್ವಪಕ್ಷಕ್ಕೆ ತುಸು ಜೀವ ಬರುವುದುಂಟು. ಅದು ವಸಂತದ ಶಾಸ್ತ್ರ, ಇಲ್ಲಿ ಅಪ್ರಸ್ತುತ.

ಫಲಶ್ರುತಿ

ಇದನ್ನು ಬೆಳಗ್ಗೆ ಓದಿದವರು ಹನ್ನೊಂದಾಗಲೆಂದು ಮನೆಯಲ್ಲೇ ಉಳಿಯುವರು. ಮಧ್ಯಾಹ್ನ ಓದಿದವರು ಹೊತ್ತು ಮೀರಿತೆಂದು ಉಳಿಯುವರು. ರಾತ್ರಿ ಓದಿದವರು ಒಂದು ನೊಣ ಕಟ್ಟಿ ಮಲಗುವರು. ಮೂವರಿಗೂ ನೆಗಡಿಯಿಂದ ರಕ್ಷಣೆ, ಮೀನಿಗೆ ಮೂವರಿಂದಲೂ ರಕ್ಷಣೆ.