ಅವಳಿನಗರದ ತೈಲಕೋಪ: ಒಂದು ಲಕ್ಷಣಗ್ರಂಥ

ಶಾಸ್ತ್ರ ಬರೆಯಲು ಕೂತವನು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಸಂಬಂಧವೇನು, ಓದಲು ಅಧಿಕಾರಿ ಯಾರು. ವಿಷಯ, ಪೆಟ್ರೋಲು ಡೀಸೆಲ್ಲಿನ ದರ ಏರಿದಾಗ ಹುಬ್ಬಳ್ಳಿ-ಧಾರವಾಡದ ಮಂದಿಗೆ ಬರುವ ಸಿಟ್ಟು. ಪ್ರಯೋಜನ, ಇದನ್ನು ಓದಿದ್ದರಿಂದ ದರ ಇಳಿಯುವುದಿಲ್ಲ. ಆ ಮಾತು ಮೊದಲೇ ಆಗಿಬಿಡಲಿ. ಸಂಬಂಧ, ನನ್ನ ಹಳೆಯ ಸ್ಕೂಟರು. ಅಧಿಕಾರಿ, ಕಾಟಾ ಕೆಳಗಿಳಿದದ್ದನ್ನು ಕಂಡೂ ‘ನಾಳೆ ಹಾಕಿಸಿದರಾತು’ ಎಂದು ಮುಂದೆ ಹೋಗಿ, ಉಣಕಲ್ ಕೆರೆಯ ದಂಡೆಯಿಂದ ವಿದ್ಯಾನಗರದವರೆಗೆ ಗಾಡಿ ದೂಡಿದ ಪ್ರತಿಯೊಬ್ಬರೂ.

ಪರಿಭಾಷೆಯ ಒಂದು ಮಾತು. ನಮ್ಮ ಕಡೆ ‘ಎಣ್ಣಿ’ ಎಂಬ ಶಬ್ದಕ್ಕೆ ಮೂರು ಅರ್ಥ. ಒಗ್ಗರಣೆಗೆ ಹಾಕುವುದು, ಗಾಡಿಗೆ ಹಾಕಿಸುವುದು, ಹೊತ್ತು ಮುಳುಗಿದ ಮೇಲೆ ತಾವೇ ಹಾಕುವುದು. ಮೂರರ ದರವೂ ಏರುತ್ತದೆ. ಮೊದಲನೆಯದು ಏರಿದರೆ ಮನೆ ಸಿಟ್ಟಾಗುತ್ತದೆ, ಎರಡನೆಯದಕ್ಕೆ ಊರು ಸಿಟ್ಟಾಗುತ್ತದೆ, ಮೂರನೆಯದು ಏರಿತೆಂದು ತಹಶೀಲ್ದಾರರಿಗೆ ಮನವಿ ಕೊಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ಈ ಗ್ರಂಥ ಎರಡನೆಯದಕ್ಕಷ್ಟೇ ಮೀಸಲು. ಆದರೆ ಎರಡನೆಯದಕ್ಕೂ ಮೂರನೆಯದಕ್ಕೂ ಒಂದು ನಂಟುಂಟು: ಎರಡೂ ಜಿಎಸ್‌ಟಿಯ ಹೊಸ್ತಿಲಾಚೆ ಕೂತಿವೆ. ಅದು ಮುಂದೆ ಬರುತ್ತದೆ.

ಇನ್ನು ಲಕ್ಷಣ. ದರದ ಫಲಕ ಕಂಡೊಡನೆ ಹುಟ್ಟಿ, ಟಾಕಿಯ ಮುಚ್ಚಳ ತಿರುವುವುದರೊಳಗೆ ಆರುವ ಸಿಟ್ಟೇ ತೈಲಕೋಪ. ಇದಕ್ಕೆ ಅವ್ಯಾಪ್ತಿ ದೋಷ ಹೇಳುವವರಿದ್ದಾರೆ: ಗಾಡಿಯೇ ಇಲ್ಲದವರಿಗೂ ಸಿಟ್ಟು ಬರುವುದಿಲ್ಲವೇ? ಬರುತ್ತದೆ, ಆದರೆ ಟೊಮೆಟೊ ಕೊಳ್ಳುವಾಗ, ಟಂಟಂನವನಿಗೆ ಚಿಲ್ಲರೆ ಎಣಿಸುವಾಗ. ಅದು ಅದೇ ಕೋಪದ ಮರಿ, ಹೆಸರು ಬೇರೆ. ಅತಿವ್ಯಾಪ್ತಿಯನ್ನೂ ತಳ್ಳಿಹಾಕಬೇಕು. ಚಿಗರಿ ಬಸ್ಸಿಗೆಂದು ಬಿಟ್ಟ ಖಾಲಿ ದಾರಿಯ ಪಕ್ಕ ಸಿಗ್ನಲ್ಲಿನಲ್ಲಿ ನಿಂತು, ಎಂಜಿನ್ ಬಂದ್ ಮಾಡಲೋ ಬೇಡವೋ ಎಂದು ಒದ್ದಾಡುವಾಗ ಬರುವ ಸಿಟ್ಟು ಬೇರೆಯೇ ಜಾತಿ. ಅದಕ್ಕೊಂದು ಪ್ರತ್ಯೇಕ ಸಂಪುಟವೇ ಬೇಕು.

ವಿಭಾಗಕ್ಕೆ ಬರೋಣ. 1962ರಲ್ಲಿ ಎರಡೂ ಊರನ್ನು ಒಂದೇ ಮಹಾನಗರ ಪಾಲಿಕೆಯ ಕಣ್ಣಿಗೆ ಕಟ್ಟಿದರು. ಸಿಟ್ಟನ್ನು ಮಾತ್ರ ಒಂದೇ ಗೂಟಕ್ಕೆ ಕಟ್ಟಲಾಗಲಿಲ್ಲ.

ಹುಬ್ಬಳ್ಳಿಯದು ದಾಟಿಸುವ ಕೋಪ. ವ್ಯಾಪಾರದ ಊರು, ಸಿಟ್ಟನ್ನು ಮನೆಯಲ್ಲಿ ಇಟ್ಟುಕೊಂಡರೆ ಬಡ್ಡಿ ಹುಟ್ಟುವುದಿಲ್ಲವೆಂದು ಅದಕ್ಕೆ ಗೊತ್ತು. ಡೀಸೆಲ್ಲಿಗೆ ಎರಡು ರೂಪಾಯಿ ಏರಿತೋ, ಲಾರಿಯವನು ಬಾಡಿಗೆ ಏರಿಸುತ್ತಾನೆ, ಅಮರಗೋಳದ ಎಪಿಎಂಸಿಯಲ್ಲಿ ಅದು ಉಳ್ಳಾಗಡ್ಡಿ ಚೀಲದ ಬೆನ್ನೇರುತ್ತದೆ, ಅಲ್ಲಿಂದ ಸಂತೆಗೆ, ಸಂತೆಯಿಂದ ದುರ್ಗದಬೈಲಿಗೆ ಬಂದು ಗಿರ್ಮಿಟ್ ತಟ್ಟೆಯಲ್ಲಿ ಮಿರ್ಚಿಯ ಪಕ್ಕ ಕೂಡುತ್ತದೆ. ಗಿರ್ಮಿಟ್ ತಿನ್ನುವವನು ಅದನ್ನು ಯಾರಿಗೆ ದಾಟಿಸಬೇಕು? ಅವನ ಮುಂದೆ ಯಾರೂ ಇಲ್ಲ, ಖಾಲಿ ತಟ್ಟೆ ಇದೆ. ಡೀಸೆಲ್ ಇಳಿದಾಗ ಗಿರ್ಮಿಟ್ ಇಳಿದದ್ದುಂಟೇ ಎಂಬ ಪ್ರಶ್ನೆಗೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ. ದುರ್ಗದಬೈಲಿನಲ್ಲೂ ಇಲ್ಲ, ಕೇಳಿ ನೋಡಿದ್ದೇನೆ.

ಧಾರವಾಡದ್ದು ಉಪನ್ಯಾಸ ಕೋಪ. ಇದು ಪಂಪಿನಲ್ಲಿ ಹುಟ್ಟುವುದಿಲ್ಲ. ಸಂಜೆ ಚಹಾದ ಕಪ್ಪಿನ ಮುಂದೆ, ಇಸವಿಗಳ ಸಮೇತ ಹುಟ್ಟುತ್ತದೆ. ಈ ಪಂಥದ ನಿವೃತ್ತ ಮಾಸ್ತರರು ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. 2010ರ ಜೂನ್‌ನಲ್ಲಿ ಪೆಟ್ರೋಲ್ ದರಕ್ಕೆ ಸರ್ಕಾರ ಹಾಕಿದ್ದ ಮೂಗುದಾಣ ಬಿಚ್ಚಿದರು, 2014ರ ಅಕ್ಟೋಬರಿನಲ್ಲಿ ಡೀಸೆಲ್ಲಿನದು ಬಿಚ್ಚಿದರು, 2017ರ ಜೂನ್ 16ರಿಂದ ದಿನಾ ಮುಂಜಾನೆ 6ಕ್ಕೆ ದರ ಬದಲಾಗತೊಡಗಿತು, ಎಂದು ಆರಂಭ. ಇಷ್ಟಕ್ಕೆ ಬಿಟ್ಟರೆ ಅದು ಧಾರವಾಡವಾಗುತ್ತಿರಲಿಲ್ಲ. ‘ದಿನಾ ಬದಲಾಗೋ ದರ 2018ರ ಏಪ್ರಿಲ್ 24ಕ್ಕ ಯಾಕ ನಿಂತ್ತು? ಮೇ 12ಕ್ಕ ನಮ್ಮ ರಾಜ್ಯದ ಚುನಾವಣೆ ಇತ್ತು. ಮುಗದು ಎರಡs ದಿನಕ್ಕ, ಮೇ 14ಕ್ಕ, ಮತ್ತ ಶುರು ಆತು. ಹಂಗಾರ ದರ ಕಟ್ಟೋದು ಮಾರುಕಟ್ಟೆಯೋ ಮತಪೆಟ್ಟಿಗೆಯೋ?’ 2021ರ ನವೆಂಬರಿನಿಂದ 2022ರ ಮಾರ್ಚ್ 22ರವರೆಗೆ, ಉತ್ತರ ಪ್ರದೇಶ ಮೊದಲಾದ ಕಡೆ ಚುನಾವಣೆ ಮುಗಿಯುವ ತನಕ, ದರ ಮತ್ತೆ ಮೌನವ್ರತ ಹಿಡಿದದ್ದನ್ನೂ ವ್ರತ ಮುರಿದ ಮೇಲೆ ಎರಡು ವಾರದ ಚಿಲ್ಲರೆಯಲ್ಲಿ ಸುಮಾರು 10 ರೂಪಾಯಿ ಏರಿದ್ದನ್ನೂ ಅವರು ಇದಕ್ಕೆ ಸೇರಿಸುತ್ತಾರೆ. ಲೆಕ್ಕ ಪಕ್ಕಾ. ಉಪನ್ಯಾಸ ಮುಗಿದ ಮೇಲೆ ಮಾಸ್ತರರು ಲೈನ್ ಬಜಾರಿಗೆ ಫೇಡೆ ತರಲು ಗಾಡಿ ಚಾಲೂ ಮಾಡುತ್ತಾರೆ. ನಡೆದರೆ ಹತ್ತು ನಿಮಿಷದ ದಾರಿ.

ಈ ಎರಡು ಊರುಗಳ ನಡುವೆ ದಿನಾ ಇಪ್ಪತ್ತು ಕಿಲೋಮೀಟರು ಓಡಾಡುವ ನವನಗರ, ರಾಯಾಪುರದವರ ಕೋಪಕ್ಕೆ ಗೃಹಕೋಪವೆಂದು ಹೆಸರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ‘ನಾ ಬಸ್ಸಿನ್ಯಾಗ ಬರ್ತೀನ್ರಿ, ನೀವು ನೂರು ರೂಪಾಯಿ ಸುಟಗೋತ ಹಿಂದಿಂದ ಬರ್ರಿ’ ಎಂಬ ಮಾತು ಯಾವ ಮನೆಯಲ್ಲಿ ಆಡಲಾಗಿಲ್ಲ? ಆ ಮಾತಿಗೆ ಉತ್ತರವಿಲ್ಲದ ಗಂಡಸಿನ ಮೌನವೂ ತೈಲಕೋಪದೊಳಗೇ ಬರುತ್ತದೆ.

ತುಲನಾತ್ಮಕ ಕೋಪವನ್ನು ಒಂದೇ ಉಸಿರಿಗೆ ಮುಗಿಸುತ್ತೇನೆ. ಅದು ಅನಮೋಡ ಘಟ್ಟ ಇಳಿದು ಗೋವಾಕ್ಕೆ ಹೋಗಿ ಬಂದವರ ರೋಗ. 2012ರಲ್ಲಿ ಮನೋಹರ ಪರ್ರೀಕರ್ ಅಲ್ಲಿ ಪೆಟ್ರೋಲಿನ ಮೇಲಿನ ವ್ಯಾಟ್ ಹೆಚ್ಚುಕಡಿಮೆ ಸೊನ್ನೆಗೆ ತಂದಾಗ ಲೀಟರಿಗೆ ಸುಮಾರು 11 ರೂಪಾಯಿ ಇಳಿದಿತ್ತು. ನಮ್ಮ ಸರ್ಕಾರ 2024ರಲ್ಲಿ ತೆರಿಗೆ ಏರಿಸಿ ‘ನೆರೆ ರಾಜ್ಯಗಳಿಗಿಂತ ನಮ್ಮದಿನ್ನೂ ಕಡಿಮೆ’ ಎಂದಾಗ ಗೋವಾ ನೆರೆಯವರ ಪಟ್ಟಿಯಿಂದ ಯಾವಾಗ ಹೊರಬಿತ್ತೆಂದು ಈ ರೋಗಿಗಳು ಇನ್ನೂ ಕೇಳುತ್ತಿದ್ದಾರೆ.

ಸಂಘಟಿತ ಕೋಪದ ಮುಖ್ಯ ಲಕ್ಷಣ ಚಕ್ಕಡಿ. ಇದರ ಪರಂಪರೆ ದೊಡ್ಡದು. 1973ರ ನವೆಂಬರಿನಲ್ಲಿ ಪೆಟ್ರೋಲ್ ದರ ಏರಿದ್ದಕ್ಕೆ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಎತ್ತಿನ ಗಾಡಿಯಲ್ಲಿ ವಿಧಾನಸೌಧಕ್ಕೆ ಹೋದರು. 2024ರ ಜೂನ್ 15ರಂದು ಅವರದೇ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೂ, ಡೀಸೆಲ್ಲಿನದನ್ನು ಶೇ 14.34ರಿಂದ 18.44ಕ್ಕೂ ಏರಿಸಿದಾಗ ಬಿಜೆಪಿ ಬೀದಿಗಿಳಿಯಿತು. ಮರುವರ್ಷ ಏಪ್ರಿಲ್ 1ಕ್ಕೆ ಡೀಸೆಲ್ಲಿನದು ಶೇ 21.17 ಆಯಿತು, ಅದೇ ತಿಂಗಳು 14ರ ಮಧ್ಯರಾತ್ರಿಯಿಂದ ಲಾರಿ ಮಾಲೀಕರು ಚಕ್ರ ನಿಲ್ಲಿಸಿ, ಕೆಲ ದಿನಕ್ಕೆ ಮಾತುಕತೆಯಾಗಿ ಮತ್ತೆ ಉರುಳಿಸಿದರು. ಇಲ್ಲಿಂದ ಹೊರಡುವ ಸೂತ್ರವಿಷ್ಟು: ದೆಹಲಿಯವರು ಏರಿಸಿದ್ದು ಬೆಂಗಳೂರಿನವರಿಗೆ ಕಾಣುತ್ತದೆ, ಬೆಂಗಳೂರಿನವರು ಏರಿಸಿದ್ದು ದೆಹಲಿಯ ಕಡೆಯವರಿಗೆ ಕಾಣುತ್ತದೆ. ಚನ್ನಮ್ಮ ವೃತ್ತದಲ್ಲಿ ಕುದುರೆಯ ಮೇಲಿರುವ ರಾಣಿಗೆ ಎರಡೂ ಕಾಣುತ್ತವೆ. ಎರಡೂ ಕಡೆಯವರು ಅವಳ ಕಾಲಬುಡದಲ್ಲೇ ಘೋಷಣೆ ಕೂಗುತ್ತಾರೆ. ಎತ್ತುಗಳು ಮಾತ್ರ ಪಕ್ಷಾತೀತ.

ಈಗ ಗ್ರಂಥದ ಗಂಟಿನ ಜಾಗಕ್ಕೆ ಬಂದೆ. ರೌದ್ರರಸಕ್ಕೆ ಕ್ರೋಧ ಸ್ಥಾಯಿಭಾವ. ಅದು ಕೆರಳಲು ಸಿಟ್ಟು ಯಾರ ಮೇಲೆ ಎಂಬ ಆಲಂಬನ ಬೇಕು, ಸಿಟ್ಟನ್ನು ಊದುವ ಉದ್ದೀಪನ ಬೇಕು. ಉದ್ದೀಪನಕ್ಕೆ ನಮ್ಮಲ್ಲಿ ಕೊರತೆಯಿಲ್ಲ: ಏಪ್ರಿಲ್ ತಿಂಗಳ ಬಿಸಿಲು, ಮುಂದಿನವನ ಐದುನೂರರ ನೋಟಿಗೆ ಚಿಲ್ಲರೆ ಹುಡುಕಾಟ, ತಲೆ ಮೇಲೆ ಮಂತ್ರಿಗಳ ನಗುಮುಖದ ಫಲಕ. ತಪ್ಪಿರುವುದು ಆಲಂಬನ. ಪಂಪಿನಲ್ಲಿ ದಿನಾ ನಡೆಯುವ ಪ್ರಸಂಗ ನೋಡಿ.

‘ಝೀರೋ ನೋಡ್ರಿ ಸರ್.’

‘ನೋಡೇನಪಾ. ನೂರಾ ಹತ್ತರದ್ದು ಹಾಕು. ಮತ್ತ ಏರಿಸೀರೇನು?’

‘ನಾವೇನ್ ಏರಸ್ತೀವ್ರಿ ಸರ್, ಮುಂಜಾನೆದ್ದು ನೋಡಿದ್ರ ಏರಿರ್ತೈತಿ.’

‘ಎಲ್ಲಾರೂ ಕೂಡೇ ತಿಂತೀರಿ ಬಿಡು.’

ತಿಂಗಳ ಪಗಾರಕ್ಕೆ ನಿಂತ ಆ ಹುಡುಗ ಏನನ್ನೂ ತಿಂದಿಲ್ಲ. ಬೆಳಿಗ್ಗೆಯಿಂದ ನಾಷ್ಟಾ ಕೂಡ ಮಾಡಿರಲಿಕ್ಕಿಲ್ಲ. ಸಲ್ಲದ ಕಡೆ ಹರಿದ ರಸವನ್ನು ಆಲಂಕಾರಿಕರು ರಸಾಭಾಸ ಎನ್ನುತ್ತಾರೆ. ನಮ್ಮ ಊರಿನ ತೈಲಕೋಪ ರೌದ್ರವಲ್ಲ, ರೌದ್ರಾಭಾಸ. ಪಂಪಿನ ಹುಡುಗನ ಮೇಲೆ, ಟಂಟಂನವನ ಮೇಲೆ, 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿದಾಗ ಕಂಡಕ್ಟರನ ಮೇಲೆ. ಹೀಗೆ ಚೆಲ್ಲಿಹೋದ ಸಿಟ್ಟು ಪೆಟ್ರೋಲಿನಂತೆಯೇ ಆವಿಯಾಗುತ್ತದೆ, ವಾಸನೆಯಷ್ಟೇ ಉಳಿಯುತ್ತದೆ.

ಹಾಗಾದರೆ ಸಲ್ಲುವ ಆಲಂಬನ ಯಾವುದು? ಲೀಟರಿನ ಅಂಗರಚನೆ ಬಿಚ್ಚಿ ನೋಡಬೇಕು. 2025ರ ಏಪ್ರಿಲ್ 8ರ ಲೆಕ್ಕ ಹಿಡಿಯೋಣ. ಅಂದು ಕೇಂದ್ರ ಅಬಕಾರಿ ಸುಂಕವನ್ನು 2 ರೂಪಾಯಿ ಏರಿಸಿತು, ಕಂಪನಿಗಳು ನುಂಗಿಕೊಂಡದ್ದರಿಂದ ಫಲಕ ಅಲುಗಲಿಲ್ಲ, ಆದ್ದರಿಂದ ಯಾರಿಗೂ ಸಿಟ್ಟೂ ಬರಲಿಲ್ಲ. ನೂರಾ ಮೂರರ ಆಸುಪಾಸಿನ ಆ ಲೀಟರಿನಲ್ಲಿ ಕೇಂದ್ರದ ಪಾಲು 21 ರೂಪಾಯಿ 90 ಪೈಸೆ. ಅದರೊಳಗೂ ನಾಲ್ಕು ಪದರ: ಮೂಲ ಸುಂಕ 1.40, ವಿಶೇಷ ಹೆಚ್ಚುವರಿ ಸುಂಕ 13, ಕೃಷಿ ಮೂಲಸೌಕರ್ಯದ ಸೆಸ್ಸು 2.50, ರಸ್ತೆಯ ಸೆಸ್ಸು 5. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಬುಟ್ಟಿಗೆ ಬೀಳುವುದು ಮೊದಲಿನ 1.40 ಮಾತ್ರ, ಉಳಿದ ಇಪ್ಪತ್ತೂವರೆ ರೂಪಾಯಿಗೆ ಪಾಲುದಾರರಿಲ್ಲ. ಪಾಲು ಕೇಳಲು ಬಾರದ ಹಾಗೆ ಹೆಸರಿಡುವ ಈ ಕಲೆ ನನ್ನಂಥ ವರ್ಗೀಕರಣಕಾರನಿಗೆ ಹೊಟ್ಟೆಕಿಚ್ಚು ಬರಿಸುವಂಥದ್ದು.

ರಾಜ್ಯವೇನು ಕಡಿಮೆಯೇ? ಅದರ ಶೇ 29.84 ಎಂಬುದು ಅದೇ ಲೀಟರಿನಲ್ಲಿ ಸುಮಾರು 23 ರೂಪಾಯಿ. ಶೇಕಡಾ ಎಂಬುದರಲ್ಲಿ ಒಂದು ಮರ್ಮವಿದೆ. ಕೇಂದ್ರದ್ದು ಲೀಟರಿಗೆ ಇಷ್ಟೆಂದು ನಿಗದಿ. ರಾಜ್ಯದ್ದು ದರ ಏರಿದಂತೆ ತಾನೂ ಏರುವ ಬಳ್ಳಿ, ಅದು ಕೇಂದ್ರದ ಸುಂಕದ ಮೇಲೂ ಹಬ್ಬುತ್ತದೆ. ದೆಹಲಿ 10 ರೂಪಾಯಿ ಸುಂಕ ಏರಿಸಿ ಅದು ಪಂಪಿನವರೆಗೆ ಇಳಿಯಿತೆಂದರೆ ಬೆಂಗಳೂರಿಗೆ ಕೂತಲ್ಲೇ 3 ರೂಪಾಯಿಯ ಹತ್ತಿರ ದಕ್ಕುತ್ತದೆ. ಹೀಗಿರುವಾಗ ದೆಹಲಿಯ ಸುಂಕದ ವಿರುದ್ಧ ರಾಜ್ಯದವರು ಕೂಗುವ ಘೋಷಣೆಯಲ್ಲಿ ತುಸು ಕೃತಜ್ಞತೆಯೂ ಇರಬೇಕಿತ್ತು.

ಪೂರ್ವಪಕ್ಷ: ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ; ಎಲ್ಲೋ ಯುದ್ಧವಾದರೆ ಇಲ್ಲಿ ದರ ಏರುವುದು ಸಹಜ, ಇದರಲ್ಲಿ ಸರ್ಕಾರದ ಪಾತ್ರವೇನು? ಖಂಡನೆ: ಒಪ್ಪಿದೆ, ಏರುವುದು ಸಹಜ. ಇಳಿದಾಗ? 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ದರ ಸೊನ್ನೆಗಿಂತ ಕೆಳಗೆ ಹೋಯಿತು. ಒಯ್ಯುವವರಿಗೆ ಎದುರು ಹಣ ಕೊಡುವ ಪರಿಸ್ಥಿತಿ. ಹದಿನೈದು ದಿನ ಕಳೆದು ಮೇ 5ರ ರಾತ್ರಿ ಕೇಂದ್ರ ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ಸುಂಕ ಏರಿಸಿತು. ಜಗತ್ತಿನ ದರ ಇಳಿದ ಜಾಗದಲ್ಲಿ ತೆರಿಗೆ ಬಂದು ಕೂತಿತು, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಮುಂದೆ 2021ರ ದೀಪಾವಳಿಗೆ ಕೇಂದ್ರ 5 ಮತ್ತು 10 ರೂಪಾಯಿ ಇಳಿಸಿತು. ನಮ್ಮ ಹುಬ್ಬಳ್ಳಿಯವರೇ ಆದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ 7 ರೂಪಾಯಿ ಇಳಿಸಿದರು. 2022ರ ಮೇ ತಿಂಗಳಲ್ಲಿ ಕೇಂದ್ರ ಮತ್ತೆ 8 ಮತ್ತು 6 ಇಳಿಸಿತು. ಮನಸ್ಸು ಮಾಡಿದರೆ ಇಳಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಪರಿಹಾರವೆಂದು ಎಲ್ಲರೂ ಜಪಿಸುವ ಮಂತ್ರ ಜಿಎಸ್‌ಟಿ. ಸಂವಿಧಾನದ 279ಎ ವಿಧಿ ಪೆಟ್ರೋಲನ್ನು ಅದರೊಳಗೆ ತರುವ ದಿನಾಂಕ ಶಿಫಾರಸು ಮಾಡಲು ಜಿಎಸ್‌ಟಿ ಮಂಡಳಿಗೆ ಹೇಳಿದೆ. ದಿನಾಂಕ ಇನ್ನೂ ಗೊತ್ತಾಗಿಲ್ಲ. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಕೂಡಿದ ಮಂಡಳಿ ಕಾಲ ಕೂಡಿಬಂದಿಲ್ಲವೆಂದು ಎದ್ದಿತು. ಕೂಡಿಬರುವುದೂ ಇಲ್ಲ ಎಂಬುದು ನನ್ನ ಮತ. ಆ 2025ರ ಲೆಕ್ಕದಂತೆ ತೆರಿಗೆಯಿಲ್ಲದ ದರದ ಮುಕ್ಕಾಲು ಪಾಲಿನಷ್ಟನ್ನು ತೆರಿಗೆಯಾಗಿ ಎತ್ತಿದ ಎರಡು ಕೈಗಳು ಯಾವ ಜಿಎಸ್‌ಟಿ ಪಟ್ಟಿಯೊಳಗೂ ಹಿಡಿಯಲಾರವು. ಆದ್ದರಿಂದ ಮಂತ್ರ ಬಿಟ್ಟು ಸಣ್ಣ ಮದ್ದು ಹೇಳುತ್ತೇನೆ. ರಾಜ್ಯ ತನ್ನ ಶೇಕಡಾ ಲೆಕ್ಕ ಬಿಟ್ಟು ಲೀಟರಿಗೆ ಇಷ್ಟು ರೂಪಾಯಿಯೆಂದು ಗೊತ್ತುಮಾಡಲಿ. ದರ ಏರಿದಾಗ ಅದರ ಪಾಲಾದರೂ ನಿಂತಲ್ಲೇ ನಿಲ್ಲುತ್ತದೆ. ಎರಡನೆಯದು, ಪಂಪಿನ ಚೀಟಿಯಲ್ಲಿ ಎಣ್ಣೆಯ ಬೆಲೆ, ಕೇಂದ್ರದ ಸುಂಕ, ರಾಜ್ಯದ ತೆರಿಗೆ, ಡೀಲರನ ಕಮಿಷನ್ ಎಂದು ನಾಲ್ಕು ಸಾಲು ಅಚ್ಚಾಗಲಿ. ಸಿಟ್ಟಿಗೊಂದು ವಿಳಾಸ ಸಿಗುತ್ತದೆ, ಪಂಪಿನ ಹುಡುಗನಿಗೆ ಬಿಡುಗಡೆ ಸಿಗುತ್ತದೆ. ಮನವಿ ಕೊಡುವವರು ಇನ್ನು ಮುಂದೆ ಎರಡು ಪ್ರತಿ ಬರೆದು, ಒಂದು ದೆಹಲಿಗೆ ಒಂದು ಬೆಂಗಳೂರಿಗೆ, ಒಂದೇ ದಿನ ಕಳಿಸಲಿ.

ಈ ಗ್ರಂಥ ಮುಗಿಸುವ ಮುನ್ನ, ಪರೀಕ್ಷೆಗೆಂದು, ಮೊನ್ನೆ ನೂರಾ ಹತ್ತರದ್ದು ಹಾಕಿಸಿ ಚೀಟಿ ಕೇಳಿದೆ. ಸ್ಕೂಟರಿನವನು ಚೀಟಿ ಕೇಳಿದನೆಂದು ಹುಡುಗ ಒಮ್ಮೆ ನನ್ನ ಮುಖ ನೋಡಿ, ಒಳಗೆ ಹೋಗಿ ಹರಿದು ತಂದ. ತಾರೀಖು ಇತ್ತು, ವೇಳೆ ಇತ್ತು, ದರ ಇತ್ತು, ಲೀಟರಿನ ಲೆಕ್ಕ ದಶಾಂಶದ ಎರಡನೆಯ ಸ್ಥಾನದವರೆಗೆ ಇತ್ತು. ತೆರಿಗೆಯ ಸಾಲು ಇರಲಿಲ್ಲ. ಕೆಳಗೆ ‘ಧನ್ಯವಾದಗಳು, ಮತ್ತೆ ಬನ್ನಿ’ ಎಂದಿತ್ತು.