ಪಾವಟಿಗೆ ಮೀಮಾಂಸೆ: ಚಿಕ್ಕೋಡಿ ಸೀಮೆಯ ಓಣಿಗಳಲ್ಲಿ ಅಜ್ಜಿ, ಗಾಡಿ ಮತ್ತು ಇಳಿಜಾರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಪಂಚಕ್ಷೇತ್ರಗಳ ಓಣಿಗಳಲ್ಲಿ ಮನುಷ್ಯನಿಗೂ ಅವನ ಮನೆಗೂ ನಡುವೆ ಬರುವ ವಿಘ್ನಕ್ಕೆ ಪಾವಟಿಗೆ ಎನ್ನುತ್ತಾರೆ. ಹಿಂದಿನ ಶಾಸ್ತ್ರಕಾರರು ಇದನ್ನು ಕಡೆಗಣಿಸಿದರು. ಅವರಿಗೆ ಮಂಡಿನೋವು ಇದ್ದಿರಲಿಕ್ಕಿಲ್ಲ.

ಮೊದಲು ಉತ್ಪತ್ತಿಯ ವಿಚಾರ. ಹೊಳಿ ಬಂದೀತೆಂದು ಕೃಷ್ಣೆಯ ದಂಡೆಯವರು ಕಟ್ಟಿ ಎತ್ತರಿಸಿದರು. 2005, 2019, 2021ರಲ್ಲಿ ಹೊಳಿಯೇ ಖುದ್ದು ಬಂದು ಅವರ ವಾದಕ್ಕೆ ಸಾಕ್ಷಿ ನುಡಿಯಿತು. ಹೊಳಿ ಮುಟ್ಟದ ಓಣಿಯವರು ಎದುರು ಮನೆಯವರಿಗಿಂತ ಒಂದು ಗೇಣು ಮೇಲಿರಲೆಂದು ಎತ್ತರಿಸಿದರು. ರಸ್ತೆಯಾದರೂ ಸುಮ್ಮನೆ ಕೂತೀತೇ? ಹಳೆಯದನ್ನು ಅಗೆಯದೆ ಅದರ ಮೇಲೇ ಹೊಸ ಕಾಂಕ್ರೀಟು ಸುರಿಯುವ ಪದ್ಧತಿಯಿಂದ ಚುನಾವಣೆಗೊಂದು ಪದರದಂತೆ ಅದೂ ಬೆಳೆಯಿತು. ಪದರ ಎಣಿಸಿದರೆ ಯಾವ ಮೆಂಬರನ ಕಾಲದ್ದೆಂದು ಹೇಳಬಹುದು. ಹೀಗಾಗಿ ಅಜ್ಜಿ ಮದುವೆಯಾಗಿ ಬಂದಾಗ ಎರಡು ಪಾವಟಿಗೆ ಹತ್ತಿದ ಮನೆಗೆ ಈಗ ಒಂದು ಪಾವಟಿಗೆ ಇಳಿದು ಹೋಗಬೇಕು. ಮಂಡಿ ಈ ಭೇದವನ್ನು ಒಪ್ಪುವುದಿಲ್ಲ.

ಇನ್ನು ಶ್ರುತಿ-ಸ್ಮೃತಿಗಳು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ನಿಯಮ ಹೊರಟ 5 ವರ್ಷಗಳೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಸುಗಮವಾಗಬೇಕೆಂದಿತು. ನಿಯಮ 2017ರ ಜೂನ್‌ನಲ್ಲಿ ಹೊರಟಿತು. ಗಡುವು ಯಾರಿಗೂ ತೊಂದರೆ ಕೊಡದೆ ದಾಟಿಹೋಯಿತು. ಆ ನಿಯಮ 'ಮಾಡಿದರೆ ಚಲೋ' ಎನ್ನುವ ಧಾಟಿಯಲ್ಲಿದೆ, 'ಮಾಡಲೇಬೇಕು' ಅನ್ನುವಂತಿರಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಶಾಸ್ತ್ರೋಕ್ತ ಇಳಿಜಾರು 1ಕ್ಕೆ 12. ಅಂದರೆ 3 ಅಡಿ ಕಟ್ಟಿಗೆ 36 ಅಡಿ ರ‍್ಯಾಂಪು. ಓಣಿಯ ಅಗಲ 10 ಅಡಿ. ನೇರ ಎಳೆದರೆ ರ‍್ಯಾಂಪು ಎದುರು ಮನೆ ಹೊಕ್ಕು, ಪಡಸಾಲೆ ದಾಟಿ, ರೊಟ್ಟಿ ಬಡಿಯುವವರ ಮಗ್ಗುಲಲ್ಲಿ ನೆಲ ಮುಟ್ಟುತ್ತದೆ. ಅವರೂ ಒಂದು ಎಳೆದರೆ ಎರಡೂ ನಡುಬೀದಿಯಲ್ಲಿ ಡಿಕ್ಕಿ ಹೊಡೆಯುತ್ತವೆ. ಆದ್ದರಿಂದ ಜಾಗವಿಲ್ಲ, ರ‍್ಯಾಂಪು ಅಸಾಧ್ಯ ಎಂಬುದು ಪೂರ್ವಪಕ್ಷ.

ಇದು ನಿಲ್ಲುವುದಿಲ್ಲ, ಪ್ರತ್ಯಕ್ಷ ಪ್ರಮಾಣಕ್ಕೆ ವಿರುದ್ಧ. ಓಣಿಯ ಯಾವ ಮನೆಯನ್ನಾದರೂ ನೋಡಿ: ಪಾವಟಿಗೆಯ ಬಾಜೂಕ್ಕೆ ಗಟಾರದ ಫರಸಿಯಿಂದ ಹೊಸ್ತಿಲವರೆಗೆ ಒಂದು ಇಳಿಜಾರು ಉಂಟು. ಸಿಮೆಂಟು ಹಸಿಯಿದ್ದಾಗ ಗೀರು ಎಳೆದು, ಜಾರದಂತೆ ಮಾಡಿದ್ದು. ಅದು ರಾತ್ರಿ ಒಳಗೆ ಮಲಗುವ ಮೋಟರ್‌ಸೈಕಲ್ಲಿನದು. ಅಜ್ಜಿಯ ಪಾಲಿಗೆ ಬಂದದ್ದು ನುಣುಪು ಗ್ರಾನೈಟಿನ ಪಾವಟಿಗೆ. ಅಥಣಿಯ ತೊಗಲಿನ ಚಪ್ಪಲಿ ಮೆಟ್ಟಿದರಂತೂ ದೇವರೇ ಗತಿ. ಆಕೆ ಕೈ ಊರಿ ಊರಿ ಗೋಡೆಯ ಸುಣ್ಣ ಸವೆದು, ಅಂಗೈಯಗಲದ ಎಣ್ಣೆಗಪ್ಪು ಕಲೆ ಬಿದ್ದಿದೆ. ಕೈಪಿಡಿ ಎಷ್ಟು ಎತ್ತರದಲ್ಲಿರಬೇಕೆಂಬುದಕ್ಕೆ ಈ ಕಲೆಗಿಂತ ಖಚಿತವಾದ ನಕಾಶೆ ಯಾವ ಎಂಜಿನಿಯರ್ ಬಳಿಯೂ ಇಲ್ಲ. ಗೋಡೆ ಮುಗಿದಲ್ಲಿ ಆಕೆ ನಿಲ್ಲಿಸಿದ ಗಾಡಿಯ ಹಿಂದಿನ ಸೀಟು ಹಿಡಿಯುತ್ತಾಳೆ. ಒಳಗಿಂದ ಮೊಮ್ಮಗನ ಕಳಕಳಿ ಕೇಳುತ್ತದೆ: "ಆಯಿ, ಗಾಡಿ ಹಿಡೀಬ್ಯಾಡ, ಬಿದ್ದೀತದು!"

ಸರ್ಕಾರಕ್ಕೆ ಪಾವಟಿಗೆಯ ಅನುಭವವೇ ಇಲ್ಲವೆನ್ನಲಾಗದು. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಬಂತು. ಅಧಿಕಾರಿಗಳೇ ಪೆಟ್ಟಿಗೆ ಹೊತ್ತು ಹತ್ತಿದರು. ಮರುವರ್ಷ ಲೋಕಸಭೆಗೆ ವಯಸ್ಸಿನ ಮಿತಿ 85ಕ್ಕೆ ಏರಿತು. ಏರಿಸಿದವರಿಗೂ ಮಂಡಿ ಹಿಡಿದಿತ್ತೆಂದು ಈ ಪ್ರಬಂಧಕಾರನ ಊಹೆ. ಬಸ್ಸಿನ ವಿಷಯ ಹೇಳುವುದಾದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೀಟು ಮಾಫ್ ಆಯಿತು, ಮೊದಲ ಮೆಟ್ಟಿಲು ಮಾಫ್ ಆಗಲಿಲ್ಲ. ಕೂತು ಕೂತು ಬೀಡಿ ಕಟ್ಟಿ ಮಂಡಿ ಹಿಡಿದ ನಿಪ್ಪಾಣಿಯ ಮುದುಕಿಗೆ ಆ ಮೆಟ್ಟಿಲಿನ ದರವೇ ಹೆಚ್ಚು.

ಸಿದ್ಧಾಂತ ಇಷ್ಟು: ನಮ್ಮ ಸೀಮೆಯಲ್ಲಿ ಗಾಲಿ ಇದ್ದವರಿಗೆ ದಾರಿಯುಂಟು, ಆದರೆ ಆ ಗಾಲಿಗೆ ಎಂಜಿನ್ ಇರಬೇಕು. ಗಾಲಿಕುರ್ಚಿಯವರು ಸೋತದ್ದು ಇಲ್ಲಿಯೇ. ಆದ್ದರಿಂದ ಅಜ್ಜ-ಅಜ್ಜಿಯರನ್ನೂ ಗಾಲಿಕುರ್ಚಿಯವರನ್ನೂ ದ್ವಿಚಕ್ರ ವಾಹನಗಳೆಂದು ಘೋಷಿಸಿ, ಚಿಕ್ಕೋಡಿ ಆರ್‌ಟಿಓದ ಕೆಎ-23 ಸರಣಿಯಲ್ಲಿ ನಂಬರ್ ಕೊಡಿಸಬೇಕು. ಮರುದಿನವೇ ಮನೆಮನೆಗೆ ಗೀರು ಎಳೆದ ಇಳಿಜಾರು ಸಿದ್ಧ. ರಾತ್ರಿ ಒಳಗೆ ಕರೆದುಕೊಂಡು ಕೀಲಿಯನ್ನೂ ಹಾಕುತ್ತಾರೆ, ಮಳೆ ಬಂದರೆ ತಾಡಪತ್ರಿ ಹೊದಿಸುತ್ತಾರೆ. ನೋಂದಣಿಗೆ ವಾಹನ ಖುದ್ದು ಹಾಜರಾಗಬೇಕು, ಅರ್ಜಿ ಮಾತ್ರ ಮ್ಯಾಲಿನ ಮಾಳಿಗಿಯಲ್ಲಿ ಕೊಡಬೇಕು ಎಂದರೆ ಪ್ರಬಂಧವನ್ನು ಮೊದಲಿಂದ ಬರೆಯಬೇಕಾದೀತು.